ಗುಬ್ಬಿಯ ದನಿ ಯಾರ ಮನೆಯಲ್ಲಿದೆ

ಮಾರ್ಚ್ ಹದಿನಾಲ್ಕು, ಶುಕ್ರವಾರ. ಬೆಳಗ್ಗೆ ತೆಳು ಮಂಜು, ಹತ್ತರ ಹೊತ್ತಿಗೆ ಕಣ್ಣು ಕುಕ್ಕುವ ಬಿಸಿಲು, ಮಧ್ಯಾಹ್ನದ ಮೇಲೆ ಧೂಳು ಹಾರಿಸುವ ಗಾಳಿ. ಮೋಡ ಕವಿಯಿತಾದರೂ ಒಂದು ಹನಿಯೂ ಬೀಳಲಿಲ್ಲ.

ವಿಚಾರಣೆಯಿಂದ ಹಿಂದಿರುಗಿ, ಕೈಕಾಲು ತೊಳೆದು, ಈ ವಾರ ನಡೆದದ್ದನ್ನು ಕ್ರಮವಾಗಿ ಬರೆದಿಡಲು ಕುಳಿತಿದ್ದೇನೆ. ಇದು ನನ್ನ ಚಿಕ್ಕಮ್ಮನ ವಿಷಯ. ಅವರು ನನ್ನ ತಾಯಿಯ ಕೊನೆಯ ತಂಗಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಟ್ರಂಕ್ ಕಾಲ್ ಎನ್ನುತ್ತಿದ್ದ ಪರವೂರಿನ ಕರೆಗಳನ್ನೆಲ್ಲ ಕೈಯಿಂದಲೇ ಜೋಡಿಸುತ್ತಿದ್ದ ಕಾಲ ಅದು. ಗೋಡೆಯಷ್ಟು ಎತ್ತರದ ಹಲಗೆ, ಅದರ ತುಂಬ ತೂತುಗಳು, ತೂತಿಗೊಂದು ಪುಟ್ಟ ದೀಪ. ಒಂದು ತೂತಿನಿಂದ ಇನ್ನೊಂದಕ್ಕೆ ತಂತಿ ಚುಚ್ಚಿದರೆ ಇಬ್ಬರು ಮಾತನಾಡಬಹುದು; ಮಾತು ಮುಗಿದ ದೀಪ ಹತ್ತಿದೊಡನೆ ತಂತಿ ಎಳೆಯಬೇಕು. ಒಂದು ಗಳಿಗೆ ತಡವಾದರೂ ಇನ್ನಾರದೋ ತುರ್ತಿನ ಕರೆ ಕಾಯುತ್ತ ಉಳಿಯುತ್ತದೆ. ಹೊಸದಾಗಿ ಬಂದ ಪ್ರತಿ ಹುಡುಗಿಗೂ ಚಿಕ್ಕಮ್ಮ ಮೊದಲು ಕಲಿಸುತ್ತಿದ್ದುದು ಇದನ್ನೇ. ಮಾತು ಮುಗಿದ ಮೇಲೂ ಲೈನು ಹಿಡಿದು ಕೂರುವವಳು ಉಂಡ ತಟ್ಟೆಯ ಮುಂದೆ ಕೈ ಒಣಗಿಸುತ್ತ ಕೂತವಳಂತೆ, ಎನ್ನುತ್ತಿದ್ದರಂತೆ.

ಬಲಗೈಗೆ ಬರೆಯುವ ಕೆಲಸವಿದ್ದುದರಿಂದ ಹೆಡ್‌ಫೋನನ್ನು ಎಲ್ಲರೂ ಎಡಗಿವಿಗೇ ಕಟ್ಟಿಕೊಳ್ಳುತ್ತಿದ್ದರು. ಹಳೆಯ ಯಂತ್ರ. ಆಗಾಗ ಅದರೊಳಗಿಂದ ಕಾದ ಸೂಜಿ ಚುಚ್ಚಿದಂಥ ಕಿರುಚು ಬರುತ್ತಿತ್ತು. ದೂರು ಕೊಟ್ಟಾಗಲೆಲ್ಲ, ರೂಢಿಯಾಗುತ್ತದೆ ಎಂಬ ಉತ್ತರ. ರೂಢಿಯಾಯಿತು, ಅಂದರೆ ಆ ಕೋಣೆಯಲ್ಲಿ ಕೂತವರೆಲ್ಲರ ಎಡಗಿವಿ ಹೋಯಿತು. ಚಿಕ್ಕಪ್ಪನನ್ನು ಕೇಳಿದರೆ, "ನಲವತ್ತು ವರ್ಷದಿಂದ ಅವಳ ಎಡಗಡೇನೇ ಮಲಗ್ತಿದ್ದೀನಿ. ನಮ್ಮ ಸಂಸಾರ ಉಳಿದಿರೋದೇ ಅದರಿಂದ" ಎನ್ನುತ್ತಾರೆ. ಚಿಕ್ಕಮ್ಮ ಇದನ್ನು ಬಲಗಿವಿಯಿಂದ ಕೇಳಿಸಿಕೊಂಡೂ ಕೇಳಿಸದಂತೆ ಇರುತ್ತಾರೆ.

ಎಕ್ಸ್‌ಚೇಂಜನ್ನು ಕೊಂಡ ಕಂಪನಿಗೆ ಇವರೆಲ್ಲ ಸೇರಿ ಪತ್ರ ಬರೆದರು. ಹಣ ಕೇಳಲಿಲ್ಲ. ಕಿವಿ ಕೆಟ್ಟದ್ದು ಕೆಲಸದಿಂದ ಎಂದು ಒಂದು ವಾಕ್ಯ ಬರೆದುಕೊಡಿ ಎಂದಷ್ಟೇ ಕೇಳಿದರು. 'ವಯೋಸಹಜ ಕಿವುಡುತನ' ಎಂಬ ಉತ್ತರ ಬಂತು. ಆ ಕಾಗದ ಕೈಗೆ ಸಿಕ್ಕಿದ ದಿನ ಚಿಕ್ಕಮ್ಮ ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದರು. ಎರಡು ವರ್ಷದಿಂದ ಅದು ಅಲ್ಲೇ ಇದೆ. ಒಗ್ಗರಣೆಯ ಹೊಗೆಗೆ ಹಳದಿಯಾಗಿದೆ. ಬಂದವರು ಏನಿದು ಎಂದರೆ, ಸಿಟ್ಟು ತಣ್ಣಗಾಗದಿರಲಿ ಎಂದು ಒಲೆಯ ಹತ್ತಿರ ಇಟ್ಟಿದ್ದೇನೆ ಎನ್ನುತ್ತಾರೆ.

ಮೊದಲ ಸಲ ಎಲ್ಲರ ಹೇಳಿಕೆಗಳನ್ನೂ ಕ್ಯಾಸೆಟ್ಟಿನಲ್ಲಿ ತುಂಬಿ ಕಂಪನಿಯ ಕಚೇರಿಗೇ ಕೊಟ್ಟಿದ್ದರು. ಗೋದಾಮು ಬದಲಾಯಿಸುವಾಗ ಅವು ಕಳೆದುಹೋದವೆಂದು ಎರಡು ಸಾಲಿನ ವಿಷಾದ ಬಂತು. ಅಂದಿನಿಂದ ಚಿಕ್ಕಮ್ಮನದು ಒಂದೇ ಹಟ: ಇನ್ನು ಯಾವುದನ್ನೂ ಒಬ್ಬರ ಬೀರುವಿನಲ್ಲಿ ಇಡಬಾರದು, ಅದು ತಮ್ಮ ಬೀರುವೇ ಆದರೂ ಸರಿ.

ಹಾಗೆ ಹುಡುಕುವಾಗ ಸಿಕ್ಕಿದ್ದು ಈ ಹಂಚಿಡುವ ಜಾಲ. ಇದಕ್ಕೆ ಯಜಮಾನನಿಲ್ಲ, ಮುಖ್ಯ ಕಚೇರಿಯಿಲ್ಲ. ಸೇರಿದವರ ಮನೆಯಲ್ಲೊಂದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಇಂಟರ್ನೆಟ್ಟಿಗೆ ಜೋಡಿಸಿದ್ದು. ಒಬ್ಬರು ಹಾಕಿದ ಧ್ವನಿಮುದ್ರಣ ತುಣುಕು ತುಣುಕಾಗಿ ಮಿಕ್ಕವರ ಪೆಟ್ಟಿಗೆಗಳಿಗೂ ಹೋಗಿ ಸೇರುತ್ತದೆ. ಒಂದು ಮನೆ ಮುಳುಗಿದರೂ ಇನ್ನೊಂದರಲ್ಲಿ ಉಳಿಯುತ್ತದೆ. ಹಾಕಿದ ಕೂಡಲೇ ಅಕ್ಷರ ಅಂಕಿಗಳ ಉದ್ದನೆಯ ವಿಳಾಸವೊಂದು ತೆರೆಯ ಮೇಲೆ ಮೂಡುತ್ತದೆ. ನಾನು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸಂಖ್ಯೆ ಹಾಕುವವನು; ನಮ್ಮ ಸಂಖ್ಯೆ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳುತ್ತದೆ. ಈ ವಿಳಾಸ ಹಾಗಲ್ಲ. ಅದು ಒಳಗಿನ ಸದ್ದಿನಿಂದಲೇ ಹುಟ್ಟುತ್ತದೆ. ನಡುವಿನ ಒಂದು ಕೆಮ್ಮನ್ನು ಕತ್ತರಿಸಿದರೂ ವಿಳಾಸ ಬದಲಾಗುತ್ತದೆ. ಇದನ್ನು ತಿಳಿದ ಮೇಲೆ ಚಿಕ್ಕಮ್ಮ ಒಬ್ಬೊಬ್ಬರ ಮನೆಗೂ ಹೋಗಿ ಹೇಳಿಕೆ ಮುದ್ರಿಸಿ, ಜಾಲಕ್ಕೆ ಹಾಕಿ, ಎಲ್ಲ ವಿಳಾಸಗಳನ್ನೂ ಕಾರ್ಮಿಕ ವಿಚಾರಣಾಧಿಕಾರಿಗೆ ಕೊಟ್ಟ ಅರ್ಜಿಯಲ್ಲಿ ಸೇರಿಸಿದರು. ಧ್ವನಿಯನ್ನು ವಿಚಾರಣೆಯ ದಿನ ಅಲ್ಲಿಯೇ ತೆರೆದು ಕೇಳಿಸುವುದೆಂದು ತೀರ್ಮಾನವಾಯಿತು. ಆ ದಿನ ಇಂದು.

ಹೇಳಿಕೆಗಳಲ್ಲೆಲ್ಲ ಮುಖ್ಯವಾದದ್ದು ಗುಬ್ಬಿಯದು. ಸಣ್ಣ ದೇಹ, ಸಣ್ಣ ದನಿ, ಅದಕ್ಕೆ ಎಕ್ಸ್‌ಚೇಂಜಿನಲ್ಲಿ ಆ ಹೆಸರು. ಯಂತ್ರದಿಂದ ಹುಡುಗಿಯರ ಕಿವಿ ಹೋಗುತ್ತಿದೆಯೆಂದು ಎಂಜಿನಿಯರರು ಮೇಲಧಿಕಾರಿಗೆ ಹೇಳಿದ ಕರೆಯನ್ನು ಜೋಡಿಸಿದವಳು ಅವಳೇ. ಆ ಮಾತು ಬಿದ್ದದ್ದು ಅವಳೊಬ್ಬಳ ಕಿವಿಗೆ. ಹೇಳಿಕೆ ಮುದ್ರಿಸಿದ ಕೆಲವು ತಿಂಗಳಿಗೆ, ಈ ಜನವರಿಯಲ್ಲಿ, ಗುಬ್ಬಿ ತೀರಿಕೊಂಡಳು. ಆಮೇಲೆ ಕಂಪನಿ ತಕರಾರಿಲ್ಲವೆಂಬ ಒಪ್ಪಿಗೆಯ ಕಾಗದವನ್ನು ಎಲ್ಲರಿಗೂ ಕಳುಹಿಸಿತು. ಸಹಿ ಮಾತ್ರ ಬಾಕಿ.

ಸೋಮವಾರ ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ವಿಚಾರಣೆಗೆ ಮೊದಲು ಎಲ್ಲವನ್ನೂ ಒಮ್ಮೆ ತೆರೆದು ನೋಡೋಣವೆಂದರು. ನನ್ನ ಕಂಪ್ಯೂಟರಿನಲ್ಲಿ ಮೊದಲು ಗುಬ್ಬಿಯ ವಿಳಾಸ ಹಾಕಿದೆ. ತೆರೆಯ ನಡುವೆ ಸಣ್ಣ ಉಂಗುರ ಸುತ್ತತೊಡಗಿತು. ನಾವು ಕಾಫಿ ಕುಡಿದು ಲೋಟ ತೊಳೆದಿಟ್ಟರೂ ಸುತ್ತುತ್ತಲೇ ಇತ್ತು. ಬೇರೆಯವರದು ನೋಡಿದೆವು. ಒಂದೆರಡು ತೆರೆದುಕೊಂಡವು, ಮಿಕ್ಕದ್ದೆಲ್ಲ ಉಂಗುರವೇ.

ಚಿಕ್ಕಮ್ಮ ಒಬ್ಬೊಬ್ಬರಿಗೂ ಫೋನ್ ಮಾಡಿದರು. ವಿಚಿತ್ರವೆಂದರೆ ಎಲ್ಲರ ಉತ್ತರವೂ ಒಂದೇ: ನಮ್ಮ ಮನೆಯಲ್ಲಿ ಸರಿಯಾಗಿ ಕೇಳಿಸುತ್ತಿದೆ, ದೋಷ ನಿಮ್ಮಲ್ಲೇ ಇರಬೇಕು. ದೊಡ್ಡ ಗಂಟಲಿನಿಂದಾಗಿ 'ಟ್ರಂಕ್ ಕಾಲ್' ಎಂದು ಹೆಸರಾದ ಗೆಳತಿಯಂತೂ ತಮ್ಮ ಹೇಳಿಕೆಯನ್ನು ಫೋನಿನಲ್ಲೇ ಹಾಕಿ ಕೇಳಿಸಿದರು. ಹೀಗಾಗಿ ಮಂಗಳವಾರವೆಲ್ಲ ನನ್ನ ಮನೆಯ ತಪಾಸಣೆಗೇ ಹೋಯಿತು. ರಿಪೇರಿಯವನು ಬಂದು ಕೇಬಲ್ ಬದಲಿಸಿದ, ಜಾಲಕ್ಕೆಂದು ನಾನೂ ಇಟ್ಟುಕೊಂಡಿದ್ದ ಪೆಟ್ಟಿಗೆಯನ್ನು ತಟ್ಟಿ ನೋಡಿದ, ಗಾಳಿ ಊದಿದ, ಗೋಡೆಯ ತೇವವನ್ನು ದೂಷಿಸಿದ. ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದು, ಗೋಡೆಗೆ ತೇವ ಬಂದರೆ ಗುಬ್ಬಿಗೇಕೆ ಗಂಟಲು ಕಟ್ಟುತ್ತದೆ ಎಂದು ಕೇಳಿದರು. ಅವನು ಭೇಟಿಯ ಶುಲ್ಕ ತೆಗೆದುಕೊಂಡು ಹೋದ. ಉಂಗುರ ಸುತ್ತುತ್ತಲೇ ಇತ್ತು.

ಸಂಜೆ ಟ್ರಂಕ್ ಕಾಲ್ ಅವರ ಮನೆಗೇ ಹೋಗಿ ನೋಡಿದೆವು. ಅವರದು ಅಲ್ಲಿ ಥಟ್ಟನೆ ತೆರೆಯಿತು. ಬೇರೆಯವರದು ಅಲ್ಲಿಯೂ ಇಲ್ಲ. ಇನ್ನೊಬ್ಬರ ಮನೆಯಲ್ಲೂ ಅದೇ ಕಥೆ. ದೋಷ ನನ್ನ ಗೋಡೆಯದಲ್ಲವೆಂದು ಅಲ್ಲಿಗೆ ಖಚಿತವಾಯಿತು. ಜಾಲದ ಬಳಕೆದಾರರು ಒಬ್ಬರನ್ನೊಬ್ಬರು ಕೇಳಿ ಪರಿಹರಿಸಿಕೊಳ್ಳುವ ಪ್ರಶ್ನೋತ್ತರ ಪುಟವೊಂದಿದೆ. ಅಲ್ಲಿ ಎಲ್ಲವನ್ನೂ ವಿವರವಾಗಿ ಬರೆದೆ. ಎಲ್ಲಿಯವರೋ, ಯಾರೋ, ಬುಧವಾರ ಬೆಳಗ್ಗೆ ಎರಡು ಸಾಲು ಬರೆದಿದ್ದರು. ವಿಳಾಸ ಇದೆಯೇ ಎಂದು ನೋಡಬೇಡಿ, ಆ ವಿಳಾಸದ ವಸ್ತು ಎಷ್ಟು ಮನೆಗಳಲ್ಲಿದೆ ಎಂದು ಜಾಲವನ್ನೇ ಕೇಳಿ. ಕೇಳುವ ಆಜ್ಞೆ ಇದು.

ಕೇಳಿದೆ. ಎಲ್ಲರ ಹೆಸರಿನ ಮುಂದೆಯೂ ಒಂದು ಮನೆ, ಒಂದೇ ಮನೆ, ಅವರವರದೇ. ಗುಬ್ಬಿಯ ಮುಂದೆ ಸೊನ್ನೆ.

ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ಸೊನ್ನೆಯನ್ನು ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು: "ವಿಳಾಸ ಬಂದಮೇಲೆ ಪೆಟ್ಟಿಗೆ ಇನ್ನೂ ಏನೋ ಕೆಲಸ ಮಾಡ್ತಿರುತ್ತಾ?"

ಮಾಡುತ್ತದೆ ಎಂದೆ. ವಿಳಾಸ ಮೂಡುವುದು ಆರಂಭ ಮಾತ್ರ. ಇಂಥದ್ದು ನನ್ನಲ್ಲಿದೆ ಎಂದು ಪೆಟ್ಟಿಗೆ ಆಮೇಲೆ ಜಾಲಕ್ಕೆ ಸಾರಬೇಕು; ಮಿಕ್ಕ ಪೆಟ್ಟಿಗೆಗಳು ಬಂದು ತುಣುಕುಗಳನ್ನು ಒಂದೊಂದಾಗಿ ಒಯ್ಯಬೇಕು. ಅಷ್ಟು ಹೊತ್ತು ಅದು ಎಚ್ಚರವಾಗಿರಬೇಕು.

"ನಾನು ಎಲ್ರಿಗೂ ಹೇಳಿದ್ದು, ವಿಳಾಸ ಬಂತು ಅಂದ್ರೆ ಆ ಕಡೆಗೆ ಸೇರ್ತು, ತಕ್ಷಣ ಸ್ವಿಚ್ ತೆಗೀರಿ ಅಂತ. ಗುಬ್ಬಿ ಮನೇಲಿ ನಾನೇ ತೆಗೆದೆ."

ಮತ್ತೇನೂ ವಿವರಿಸಬೇಕಾಗಿರಲಿಲ್ಲ. ಮುಗಿದ ಲೈನನ್ನು ಹಿಡಿದಿಡಬಾರದೆಂದು ಜೀವಮಾನವಿಡೀ ಕಲಿತ ಹೆಂಗಸರು, ಕಲಿಸಿದವರ ಮಾತಿನಂತೆ, ತೆರೆ ಬೆಳಗಿದೊಡನೆ ತಂತಿ ಎಳೆದಿದ್ದರು. ಆಮೇಲೆ ಬೇಕಾದಾಗ ಗಳಿಗೆ ಹೊತ್ತು ಪೆಟ್ಟಿಗೆ ಹಚ್ಚಿ, ತಮ್ಮ ಮನೆಯಲ್ಲೇ ಕೂತು ತಮ್ಮ ದನಿಯನ್ನು ತಾವೇ ಕೇಳಿ, ಮತ್ತೆ ಆರಿಸಿ, ಊರಿಗೆಲ್ಲ ಹಂಚಿದ್ದೇವೆಂದು ನೆಮ್ಮದಿಯಾಗಿದ್ದರು. ಆ ಗಳಿಗೆಯಲ್ಲಿ ಜಾಲ ಕಂಡು ಗುರುತಿಟ್ಟುಕೊಂಡದ್ದೇ ಆ ಒಂದು ಮನೆ; ಗುಬ್ಬಿಯ ಪೆಟ್ಟಿಗೆಯನ್ನು ಆಮೇಲೆ ಯಾರೂ ಹಚ್ಚಿರಲಿಲ್ಲ. ಬೇರೆ ಯಾರಾದರೂ ಈ ತಪ್ಪು ಮಾಡುತ್ತಿದ್ದರೆಂದು ನನಗನ್ನಿಸುವುದಿಲ್ಲ. ಬೇರೆಯವರು ಸ್ವಿಚ್ಚು ತೆಗೆಯುವುದನ್ನೇ ಮರೆಯುತ್ತಿದ್ದರು.

ಚಿಕ್ಕಪ್ಪ ಸಮಾಧಾನ ಹೇಳಲು ಬಂದರು. ಹೋಗಲಿ ಬಿಡು, ಕಂಪನಿಯ ಕಾಗದಕ್ಕೆ ಸಹಿ ಹಾಕಿ ಕೈ ತೊಳೆದುಕೋ, ಈ ವಯಸ್ಸಿನಲ್ಲಿ ಯಾಕೆ ಎಂಬ ಅರ್ಥದಲ್ಲಿ ಏನೋ ಹೇಳಿದರು.

"ಬಲಗಡೆ ಬಂದು ಹೇಳಿ," ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಬಲಗಡೆಗೆ ಹೋಗಲಿಲ್ಲ. ಟೀ ಮಾಡಲು ಒಳಗೆ ಹೋದರು.

ಆ ಮಧ್ಯಾಹ್ನ ಚಿಕ್ಕಮ್ಮ ಎಲ್ಲರಿಗೂ ಮತ್ತೆ ಫೋನ್ ಮಾಡಿ ಪೆಟ್ಟಿಗೆ ಹಚ್ಚಿಸಿದರು. ನಾನು ಎಷ್ಟೋ ವರ್ಷಗಳ ಮೇಲೆ ಅವರ ಎಕ್ಸ್‌ಚೇಂಜಿನ ದನಿ ಕೇಳಿದೆ. ತಗ್ಗಿದ, ಇಸ್ತ್ರಿ ಮಾಡಿದಂಥ, ವಾದಕ್ಕೆ ಎಡೆ ಕೊಡದ ದನಿ. ಹಗಲೂ ರಾತ್ರಿ ಉರಿಯುತ್ತಿದ್ದರೆ ಕರೆಂಟು ಯಾರಪ್ಪನದು ಎಂದು ಟ್ರಂಕ್ ಕಾಲ್ ಅಬ್ಬರಿಸಿದ್ದು ಫೋನಿನಿಂದ ಹೊರಗೂ ಕೇಳಿಸಿತು. "ನಿಮ್ಮಪ್ಪಂದಲ್ಲ ಅಂತ ನಂಗೊತ್ತು ಕಣೇ. ಮುಟ್ಟಬೇಡ ಅಷ್ಟೇ," ಎಂದು ಚಿಕ್ಕಮ್ಮ ಫೋನ್ ಇಟ್ಟರು. ಸಂಜೆಯ ಹೊತ್ತಿಗೆ ಒಂದು ಎಂದಿದ್ದ ಕಡೆಯಲ್ಲೆಲ್ಲ ನಾಲ್ಕು, ಏಳು ಎಂದು ಏರತೊಡಗಿತು. ಸೊನ್ನೆ ಸೊನ್ನೆಯಾಗಿಯೇ ಇತ್ತು.

ಗುಬ್ಬಿಗೆ ಮದುವೆಯಾಗಿರಲಿಲ್ಲ. ಅವಳ ಸಾಮಾನೆಲ್ಲ ತಮ್ಮನ ಪಾಲಾಗಿತ್ತು. ಅವನದು ಇಸ್ತ್ರಿ ಅಂಗಡಿ. ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಬಾಗಿಲಿನದು. ಗುರುವಾರ ಬೆಳಗ್ಗೆ ಹೋದೆವು. ಉದ್ದನೆಯ ಮೇಜು, ಅದರ ಮೇಲೆ ಅಂಚು ಸುಟ್ಟ ಕಂಬಳಿ, ಎರಡು ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸುವ ಬಾಟಲಿ. ಗುಬ್ಬಿಯ ಪೆಟ್ಟಿಗೆ ಮೇಲಿನ ಹಲಗೆಯ ಮೇಲೆ, ಯಾರೂ ಒಯ್ಯದೆ ಬಿಟ್ಟ ಬಟ್ಟೆಗಳ ಪಕ್ಕದಲ್ಲಿತ್ತು. ಅದರ ಅಡಾಪ್ಟರ್ ಎಲ್ಲಿ ಹೋಯಿತೋ ತನಗೆ ಗೊತ್ತಿಲ್ಲವೆಂದ.

ವಿಷಯ ಕೇಳಿದ ಮೇಲೆ ಅವನು ಇಸ್ತ್ರಿ ನಿಲ್ಲಿಸಲಿಲ್ಲ. "ಅಕ್ಕ ಹೋಗಿ ಎರಡು ತಿಂಗಳಾಯ್ತು. ಕಂಪನಿಯವರು ಮನೆಗೇ ಬಂದು ಮರ್ಯಾದೆಯಾಗಿ ಮಾತಾಡ್ಸಿದ್ರು. ತಕರಾರಿಲ್ಲ ಅಂತ ಸಹಿ ಹಾಕ್ದೆ. ಸತ್ತವರನ್ನ ಮತ್ತೆ ಕಚೇರಿಗೆ ಯಾಕೆ ಎಳೀತೀರಿ?"

"ನಿನಗೆ ತಕರಾರಿಲ್ಲಪ್ಪ, ಸಹಿ ಹಾಕಿದೀಯ. ಅವಳಿಗೆ ಇತ್ತು."

"ನಾನು ಅವಳ ತಮ್ಮ."

"ಅವಳ ಕಿವಿಗೆ ಹೆಡ್‌ಫೋನ್ ಕಟ್ಟಿದವಳು ನಾನು, ಇದೇ ಕೈಯಲ್ಲಿ. ಅವಳನ್ನ ಯಾರೂ ಎಳೀತಿಲ್ಲ. ನಾನೇ ಬಂದು ಹೇಳ್ತೀನಿ ಅಂತ ಹೇಳಿಟ್ಟು ಹೋಗಿದ್ದಾಳೆ. ಪೆಟ್ಟಿಗೆ ಇಳಿಸ್ತೀಯೋ, ನಾನು ಇಲ್ಲೇ ಕೂರ್ಲೋ?"

"ಕೂತ್ಕೊಳ್ಳಿ. ಕುರ್ಚಿ ಇಲ್ಲ."

ಚಿಕ್ಕಮ್ಮ ಸುತ್ತ ನೋಡಿ, ಇಸ್ತ್ರಿಗೆ ಕಾದಿದ್ದ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟರು. "ನನ್ನ ತೂಕಕ್ಕೆ ನಿನ್ನ ಅರ್ಧ ಕೆಲಸ ಮುಗಿಯುತ್ತೆ. ಮಜೂರಿ ಬೇಡ."

ಅವನು ಮುಖ ಆ ಕಡೆ ತಿರುಗಿಸಿದ. ಹೆಗಲು ಕುಲುಕಿದ್ದರಿಂದ ನಗುತ್ತಿದ್ದಾನೆಂದು ತಿಳಿಯಿತು. ಕೊನೆಗೆ, ಅಕ್ಕನ ವಸ್ತು ಅಂಗಡಿ ದಾಟಿ ಹೋಗಕೂಡದು, ಬೇಕಿದ್ದರೆ ಇಲ್ಲೇ ಹಚ್ಚಿಕೊಳ್ಳಿ ಎಂದ. ನಾನು ಓಣಿಯ ತುದಿಯಿಂದ ಅಡಾಪ್ಟರ್ ಕೊಂಡು ತಂದೆ. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ನನ್ನ ಮೊಬೈಲಿನ ಇಂಟರ್ನೆಟ್ಟನ್ನೇ ಅದಕ್ಕೆ ಕೊಟ್ಟು, ಜಾಲವನ್ನು ಕೇಳಿದೆ. ಸೊನ್ನೆ ಒಂದಾಯಿತು.

ಅಷ್ಟರಲ್ಲಿ ಅವನು ಎರಡನೆಯ ಇಸ್ತ್ರಿಯನ್ನೂ ಹಚ್ಚಿದ. ಫ್ಯೂಸು ಹಾರಿ ಅಂಗಡಿ ಕತ್ತಲಾಯಿತು. ಪೆಟ್ಟಿಗೆಯೂ ಆರಿತು. ಹೊಸ ತಂತಿ ಕಟ್ಟಿ ಮತ್ತೆ ಹಚ್ಚಿದಾಗ, ಹೋದಷ್ಟು ತುಣುಕುಗಳು ಹೋದಲ್ಲೇ ಉಳಿದಿದ್ದು ನಿಂತಲ್ಲಿಂದ ಮುಂದುವರಿದದ್ದು ನಮ್ಮ ಅದೃಷ್ಟ. ಒಂದೇ ಇಸ್ತ್ರಿಯಲ್ಲಿ ಕೆಲಸ ಮಾಡಿದರೆ ಇಂದಿನ ಗಿರಾಕಿಗಳಿಗೆ ಏನು ಹೇಳಲಿ ಎಂದು ಅವನು ಗೊಣಗಿದ. ಚಿಕ್ಕಮ್ಮ ಎದ್ದು ಅಂಗಿಗಳಿಗೆ ನೀರು ಚಿಮುಕಿಸಿ, ಮಡಿಸಿ, ಜೋಡಿಸಿ ಕೊಡತೊಡಗಿದರು. ಅವರ ಮಡಿಕೆ ಸರಿಯಿಲ್ಲವೆಂದು ಅವನು ಎರಡು ಸಲ ಬಿಚ್ಚಿಸಿದ. ಅವರು ಎರಡು ಸಲವೂ ಮತ್ತೆ ಮಡಿಸಿದರು.

ಊಟದ ಹೊತ್ತು ದಾಟಿದ ಮೇಲೆ ನಮ್ಮ ಮನೆಯ ಪೆಟ್ಟಿಗೆಗೆ ಪೂರ್ತಿ ಬಂದು ಸೇರಿತೆಂದು ನನ್ನ ಫೋನಿನಲ್ಲಿ ಕಾಣಿಸಿತು. ಸೇರಿತು ಎಂದೆ. ಆ ಮಾತು ಕೇಳಿದ್ದೇ ತಡ, ಚಿಕ್ಕಮ್ಮನ ಬಲಗೈ ತಾನಾಗಿಯೇ ಗೋಡೆಯ ಸ್ವಿಚ್ಚಿನ ಕಡೆಗೆ ಹೋಯಿತು.

"ಅಕ್ಕಾ, ಕೈ ತೆಗೀರಿ," ಎಂದ ಇಸ್ತ್ರಿಯವನು. ಅವನು ಅವರನ್ನು ಅಕ್ಕ ಎಂದದ್ದು ಅದೇ ಮೊದಲು. "ಒಂದು ಮನೆಗೆ ಸೇರಿದ್ರೆ ಸಾಕಾ? ನಿಮ್ಮ ಬೀರು ಸುಟ್ಟೋದ್ರೆ?"

ಚಿಕ್ಕಮ್ಮ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮತ್ತೆ ಗಂಟಿನ ಮೇಲೆ ಕೂತರು. ಅಂಗಡಿ ಮುಚ್ಚುವ ಹೊತ್ತಿಗೆ ಗುಬ್ಬಿ ಒಂಬತ್ತು ಮನೆಗಳಲ್ಲಿದ್ದಳು. ಅವನು ಬಾಗಿಲು ಎಳೆದ, ಪೆಟ್ಟಿಗೆಯನ್ನು ಆರಿಸಲಿಲ್ಲ. ಮನೆಗೆ ಹೋಗುವಾಗ ಮೊಬೈಲ್ ನನಗೆ ಬೇಕಾಗುವುದರಿಂದ, ತನ್ನದನ್ನು ಪೆಟ್ಟಿಗೆಯ ಪಕ್ಕ ಇಟ್ಟು ಹೋದ.

ಇಂದಿನ ವಿಚಾರಣೆ ಎರಡನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ. ಫ್ಯಾನು ತಿರುಗುವಾಗ ಕಾಗದಗಳ ಮೇಲೆಲ್ಲ ಒಂದೊಂದು ಪೇಪರ್‌ವೇಟ್ ಬೇಕಾಗಿತ್ತು. ಅಧಿಕಾರಿ ಮಿತಭಾಷಿ, ಮಧ್ಯವಯಸ್ಸಿನ ಹೆಂಗಸು. ಕಂಪನಿಯ ವಕೀಲರು ವಯಸ್ಸಾದಂತೆ ಕಿವಿ ಮಂದವಾಗುವುದು ಪ್ರಕೃತಿಯ ನಿಯಮವೆಂದು ಸೌಜನ್ಯದಿಂದಲೇ ವಿವರಿಸಿದರು. ತಮ್ಮ ತಂದೆಯವರ ಉದಾಹರಣೆಯನ್ನೂ ಕೊಟ್ಟರು. ಚಿಕ್ಕಮ್ಮ ಬಲಗಿವಿಯನ್ನು ಅವರತ್ತ ತಿರುಗಿಸಿ ಪೂರ್ತಿ ಕೇಳಿಸಿಕೊಂಡು ಎದ್ದು ನಿಂತರು.

"ನಾವು ಇಲ್ಲಿ ಇಷ್ಟು ಜನ ಕೂತಿದೀವಿ. ಎಲ್ರದ್ದೂ ಎಡಗಿವಿಗೆ ಮಾತ್ರ ವಯಸ್ಸಾಯ್ತಾ? ಬಲಗಿವಿ ಇನ್ನೂ ಹುಡುಗೀನಾ?"

ಹಿಂದಿನ ಬೆಂಚಿನಲ್ಲಿ ಟ್ರಂಕ್ ಕಾಲ್ ನಕ್ಕದ್ದು ಕೆಳಗಿನ ಮಹಡಿಗೂ ಕೇಳಿಸಿರಬೇಕು. ಅಧಿಕಾರಿ ಪೆನ್ನು ತೆಗೆದುಕೊಂಡು ಏನೋ ಬರೆದುಕೊಂಡರು.

ಆಮೇಲೆ ಗುಬ್ಬಿಯ ಸರದಿ. ಕಚೇರಿಯ ಕಂಪ್ಯೂಟರಿನಲ್ಲೇ ಅರ್ಜಿಯಲ್ಲಿದ್ದ ವಿಳಾಸವನ್ನು ಗುಮಾಸ್ತರು ಒತ್ತಿದರು. ಉಂಗುರ ಕಾಣಿಸಿತು, ಒಂದು ಸುತ್ತು ಸುತ್ತಿತು. ಸಣ್ಣ ದನಿಯೊಂದು ಕೋಣೆಗೆ ಬಂತು.

"ನಾನು ಕೇಳಬಾರದಾಗಿತ್ತು, ನಿಯಮ ಹಾಗಿತ್ತು. ಲೈನು ಸೇರಿತೋ ಇಲ್ವೋ ನೋಡೋಕೆ ಕಿವಿ ಕೊಟ್ಟೆ. ಹುಡುಗೀರ ಎಡಗಿವಿ ಹೋಗ್ತಿದೆ ಸಾರ್, ಯಂತ್ರ ಬದಲಾಯಿಸ್ಬೇಕು ಅಂದ್ರು ಎಂಜಿನಿಯರು. ಇನ್ನೆರಡು ವರ್ಷ ತಳ್ಳಿ, ಆಮೇಲೆ ಹೇಗೂ ಎಲ್ಲಾ ತಾನೇ ನಡೆಯೋ ಯಂತ್ರ ಬರುತ್ತೆ ಅಂದ್ರು ಆ ಕಡೆಯವರು. ತಳ್ಳಿದ್ರು."

ಸತ್ತವರ ದನಿಯನ್ನು ಯಾರು ಬೇಕಾದರೂ ತಿದ್ದಬಹುದಲ್ಲವೇ ಎಂದು ವಕೀಲರು ಆಕ್ಷೇಪಿಸಿದರು. ನನ್ನನ್ನು ಕೇಳಿದಾಗ ವಿಳಾಸದ ವಿಷಯ ಹೇಳಿದೆ: ಒಂದು ಉಸಿರು ಬದಲಾದರೂ ವಿಳಾಸ ಬದಲಾಗುತ್ತದೆ, ಈ ವಿಳಾಸ ಆಕೆ ಬದುಕಿದ್ದಾಗಲೇ ಅರ್ಜಿಯಲ್ಲಿ ಸೇರಿ, ಇದೇ ಕಚೇರಿಯ ಮೊಹರು ಬಿದ್ದದ್ದು. ಅಧಿಕಾರಿ ಅರ್ಜಿಯನ್ನು ತರಿಸಿ, ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ತಾಳೆ ನೋಡಿ, ಗುಬ್ಬಿಯನ್ನು ಒಂದನೆಯ ಸಾಕ್ಷಿ ಎಂದು ಬರೆಸಿದರು. ವಯಸ್ಸು ಎಡಗಿವಿಯನ್ನೇ ಏಕೆ ಆರಿಸಿಕೊಂಡಿತೆಂದು ಕಂಪನಿ ಮುಂದಿನ ವಿಚಾರಣೆಯೊಳಗೆ ಲಿಖಿತವಾಗಿ ವಿವರಿಸಬೇಕು ಎಂಬುದು ಇಂದಿನ ಆದೇಶ.

ಹೊರಗಿನ ಮೊಗಸಾಲೆಯಲ್ಲಿ ವಕೀಲರು ಚಿಕ್ಕಮ್ಮನ ಬಳಿ ಬಂದು, ಇಂಥ ಅಮೂಲ್ಯ ಧ್ವನಿಗಳು ಮನೆಮನೆಗಳಲ್ಲಿ ಚದುರಿರುವುದು ಸರಿಯಲ್ಲ, ಕಂಪನಿಯ ಸಂಗ್ರಹಾಲಯಕ್ಕೆ ಒಪ್ಪಿಸಿದರೆ ಗೌರವದಿಂದ ಕಾಪಾಡುತ್ತೇವೆ, ಆ ಒಪ್ಪಿಗೆಯ ಕಾಗದವನ್ನೂ ಇನ್ನೊಮ್ಮೆ ಯೋಚಿಸಿ ಎಂದರು. ದುರದೃಷ್ಟವಶಾತ್ ಅವರು ಎಡಗಡೆ ನಿಂತಿದ್ದರು. ಚಿಕ್ಕಮ್ಮ ಅವರನ್ನು ತೋಳು ಹಿಡಿದು ಬಲಗಡೆಗೆ ತಂದು ನಿಲ್ಲಿಸಿಕೊಂಡು, ಪೂರ್ತಿ ಮತ್ತೊಮ್ಮೆ ಹೇಳಿಸಿದರು.

"ನೀವು ಕಾಪಾಡಿದ್ದನ್ನ ಒಂದು ಸಲ ನೋಡಿದೀವಿ," ಎಂದರು ಆಮೇಲೆ. "ಸಹಿ ಹಾಕಲ್ಲ. ಅವಳು ಈಗ ಒಂಬತ್ತು ಮನೇಲಿದ್ದಾಳೆ, ಸಂಜೆಗೆ ಹತ್ತಾಗುತ್ತೆ. ನೀವೂ ಒಂದು ಪೆಟ್ಟಿಗೆ ತಗೊಂಡ್ರೆ ನಿಮ್ಮನೆಗೂ ಕಳಿಸ್ತೀನಿ. ಆದ್ರೆ ಸ್ವಿಚ್ ತೆಗೀಬಾರದು."

ಈ ವಾರದ ಖರ್ಚು: ಬಸ್ಸಿಗೆ ತೊಂಬತ್ತಾರು. ಕೇಬಲ್ ನೂರ ಎಂಬತ್ತು, ಅಗತ್ಯವಿರಲಿಲ್ಲ. ರಿಪೇರಿಯವನ ಭೇಟಿಗೆ ಇನ್ನೂರು, ಅದೂ ಹಾಗೆಯೇ. ಅಡಾಪ್ಟರ್ ನೂರ ನಲವತ್ತು. ಫ್ಯೂಸ್ ತಂತಿ ಹದಿನೈದು. ಮೊಗಸಾಲೆಯಲ್ಲಿ ಎಲ್ಲರಿಗೂ ಟೀ ಅರವತ್ತು. ವಿಚಾರಣೆಗೆ ಉಟ್ಟುಹೋದ ಬಟ್ಟೆಗಳ ಇಸ್ತ್ರಿಗೆ ಎಪ್ಪತ್ತೆರಡು, ಗುಬ್ಬಿಯ ತಮ್ಮ ಒಂದು ಪೈಸೆಯೂ ಬಿಡದೆ ತೆಗೆದುಕೊಂಡ. ಒಟ್ಟು ಏಳುನೂರ ಅರವತ್ತಮೂರು.